ಉಸಿರು ಎಳೆದುಕೊಳ್ಳುವಾಗ ಬರುವ ಸದ್ದು

ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಒಂದೇ ಸಲಕ್ಕೆ ನಂಬುವುದಿಲ್ಲ. ತಪ್ಪು ಅವರದ್ದಲ್ಲ. ಚಿಕ್ಕವಳಿದ್ದಾಗಲೇ ಮೇಲಿನ ಮಹಡಿಯ ಬಾಡಿಗೆ ಅಂಕಲ್ ದನಿಯಲ್ಲಿ ಬಾಗಿಲಾಚೆಯಿಂದ "ಓನರ್ರೇ, ನಲ್ಲೀಲಿ ನೀರೇ ಬರ್ತಿಲ್ಲ" ಎಂದು ಕೂಗಿ, ಊಟಕ್ಕೆ ಕೂತಿದ್ದ ಅಪ್ಪ ಲುಂಗಿ ಎತ್ತಿ ಕಟ್ಟಿಕೊಂಡು ಟೆರೇಸಿಗೆ ಓಡಿ ಟ್ಯಾಂಕಿನೊಳಗೆ ಇಣುಕಿ ಬರುವಂತೆ ಮಾಡಿದವಳು ನಾನು. ಅಜ್ಜಿಯ ಕೆಮ್ಮು, ಫೋನಿನಲ್ಲಿ ಚಿಕ್ಕಮ್ಮನ ಮಾತು ಸಾಕಾದಾಗ ಅಮ್ಮ ಎಳೆಯುವ "ಹ್ಞೂಂ... ಸರಿ ಬಿಡಮ್ಮ", ಹಾಲಿನವನ ಗಾಡಿಯ ಬ್ರೇಕು, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದವು. ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ಯಾವಾಗ ಬೇಕಾದರೂ ಬರಬಹುದು.

ಹಾಗಾಗಿ, ಓಡುವಾಗ ಉಸಿರು ಕಟ್ಟುತ್ತಿದೆ ಎಂದು ನಾನು ಹೇಳಿದಾಗ ನಂಬದವರನ್ನು ಬೈಯಲಾರೆ. ಆ ಸಾಲಿನಲ್ಲಿ ಮೊದಲು ನಿಂತವಳೇ ನಾನು.

ಇದನ್ನು ಬರೆಯುತ್ತಿರುವುದು, ನನ್ನ ಹಾಗೆ ಇನ್ನೊಬ್ಬಳು ಯಾವುದೋ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಅಂಚಿನಲ್ಲಿ ಮಂಡಿ ಮೇಲೆ ಕೈ ಊರಿ ನಿಂತು, 'ಇದು ನಿಜವಾಗ್ಲೂ ಆಗ್ತಿದೆಯಾ, ನಾನೇ ಮಾಡ್ಕೋತಿದೀನಾ' ಎಂದು ತಲೆ ಕೆಡಿಸಿಕೊಂಡಿರಬಹುದು ಎಂಬ ಅನುಮಾನಕ್ಕೆ. ಅವಳಿಗೆ ಕೊಡಲು ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಕಂಪನಿ ಕೊಡಬಲ್ಲೆ.

ಹುಳಿಮಾವಿನ ನಮ್ಮ ಸ್ಕೂಲಿನಲ್ಲಿ ನಾನು ದೊಡ್ಡ ಸ್ಟಾರು. ಇದ್ದದ್ದು ಒಂದೇ ರಿಂಗು, ಅದಕ್ಕೂ ಬಲೆ ಇಲ್ಲ. ಪಿ.ಟಿ. ಸಾರ್ ಬಾಲನ್ನು ನಮ್ಮ ಕಡೆ ಎಸೆದು, ಪೇಪರ್ ಬಿಡಿಸಿಕೊಂಡು, "ಆಡ್ಕೊಳ್ರಮ್ಮಾ, ಕಾಲು ಮುರ್ಕೋಬೇಡಿ" ಎನ್ನುತ್ತಿದ್ದರು. ಅದೇ ಕೋಚಿಂಗ್. ಆ ಕೋಚಿಂಗಿನಲ್ಲೇ ಬೆಳೆದು, ಉದ್ದ ಕೈಗಳ ದಯೆಯಿಂದ, ಸ್ಪೋರ್ಟ್ಸ್ ಕೋಟಾದಲ್ಲಿ ಜಯನಗರದ ಒಂದು ಹೆಣ್ಣುಮಕ್ಕಳ ಕಾಲೇಜಿಗೆ ಸೇರಿದೆ. ಬ್ಯಾಸ್ಕೆಟ್‌ಬಾಲ್ ಅಂದರೆ ಆ ಕಾಲೇಜು ಎಂದು ಎಲ್ಲರೂ ಹೇಳುತ್ತಿದ್ದರು. ಅಲ್ಲಿಗೆ ಹೋದ ಮೇಲೆ, ಅದುವರೆಗೆ ನಾನು ಆಡುತ್ತಿದ್ದದ್ದು ಬೇರೆ ಏನೋ ಆಟ ಎಂದು ಗೊತ್ತಾಯಿತು.

ಬೆಳಕು ಹರಿಯುವ ಮೊದಲೇ ಪ್ರಾಕ್ಟೀಸ್. ಅಪ್ಪ ಸ್ವೆಟರ್ ಮೇಲೆ ಟವೆಲ್ ಸುತ್ತಿಕೊಂಡು, ಬನ್ನೇರುಘಟ್ಟ ರೋಡಿನ ಮೆಟ್ರೋ ಕೆಲಸದ ಧೂಳಿನಲ್ಲಿ ಸ್ಕೂಟರ್ ಓಡಿಸಿ ನನ್ನನ್ನು ಇಳಿಸಿ ಹೋಗುತ್ತಿದ್ದರು. ಮೊದಲ ಕೆಲವು ವಾರ ಹೊಸಬರಿಗೆ ಬಾಲ್ ಮುಟ್ಟಲೂ ಬಿಡಲಿಲ್ಲ. ಬಾಲಿನ ಚೀಲ ಹೊರುವುದು ನಾವು, ರಾತ್ರಿ ಮಳೆಯಾಗಿದ್ದರೆ ಕೋರ್ಟಿನ ನೀರು ತಳ್ಳುವುದು ನಾವು, ಸೀನಿಯರ್‌ಗಳು ಕೂರುವ ತನಕ ನಿಂತಿರುವುದೂ ನಾವು. ಹೊಸ ಸೊಸೆಯ ಪಾಡು ಎಂದು ಅಮ್ಮನಿಗೆ ಹೇಳಿದರೆ, "ಒಳ್ಳೇದಾಯ್ತು, ಅಭ್ಯಾಸ ಆಗ್ಲಿ" ಎಂದಳು.

ಕೋಚನ್ನು ನಾವು ಮೇಡಂ ಎಂದಷ್ಟೇ ಕರೆಯುತ್ತೇವೆ. ಅವರು ಯಾವತ್ತೂ ಕೂಗುವುದಿಲ್ಲ. ಕೂಗಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು, ಕೂಗುವವರನ್ನು ಯಾರು ಬೇಕಾದರೂ ಅಣಕಿಸಬಹುದು. ಬ್ಯಾಂಕಿನ ಕೌಂಟರಿನಲ್ಲಿ "ಪಾಸ್‌ಬುಕ್ ತಂದಿದೀರಾ?" ಎಂದು ಕೇಳುತ್ತಾರಲ್ಲ, ಆ ದನಿಯಲ್ಲಿ ಅವರು ಒಂದೇ ಮಾತು ಹೇಳುತ್ತಾರೆ: "ಮೊದಲಿಂದ."

ಆ ಮಾತು ಲೈನ್ ಓಟಕ್ಕೆ ಸಂಬಂಧಿಸಿದ್ದು. ಕೋರ್ಟಿನ ತುದಿಯಿಂದ ಹೊರಟು ಹತ್ತಿರದ ಗೆರೆ ಮುಟ್ಟಿ ವಾಪಸ್, ನಡುಗೆರೆ ಮುಟ್ಟಿ ವಾಪಸ್, ಆಚೆ ತುದಿ ಮುಟ್ಟಿ ವಾಪಸ್. ಎಲ್ಲ ಟೀಮುಗಳೂ ಇದನ್ನು ಓಡುತ್ತವೆ. ನಮ್ಮಲ್ಲಿ ಮಾತ್ರ ಒಂದು ಪದ್ಧತಿ ಇದೆ, ಮೇಡಂ ಆಡುತ್ತಿದ್ದ ಕಾಲದಿಂದಲೂ ಇದೆಯಂತೆ. ಒಬ್ಬಳು ನಿಂತರೆ ಎಲ್ಲರೂ ಮೊದಲಿಂದ ಓಡಬೇಕು. ನಿಂತವಳು ಬದಿಯಲ್ಲಿ ಕೂತು ನೋಡಬೇಕು. ಶಿಕ್ಷೆ ಓಟವಲ್ಲ ಸ್ವಾಮಿ, ಆ ನೋಡುವುದು.

ಮೊದಲ ಸಲ ಆದದ್ದು ಅದೇ ಓಟದಲ್ಲಿ. ಆಚೆ ಗೆರೆ ಮುಟ್ಟಿ ತಿರುಗಿದ್ದೆ. ಕಾಲು ಸರಿ ಇತ್ತು, ಎದೆಯೂ ಸರಿ ಇತ್ತು. ಅಜ್ಜಿಯ ಎಲೆ ಅಡಿಕೆ ಚೀಲದ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ ಗಂಟಲು ಮುಚ್ಚಿಕೊಂಡಿತು. ಗಾಳಿ ಎಳೆದುಕೊಳ್ಳಲು ಹೋದರೆ ಒಂದು ಕೀರಲು ಸದ್ದು ಬಂತು, "ಹೀಈಈಕ್" ಎಂದು. ನನ್ನ ಗಂಟಲಿನಿಂದ ಬಂದ ಸದ್ದುಗಳಲ್ಲಿ ನನ್ನ ಅನುಮತಿ ಕೇಳದೆ ಬಂದ ಮೊದಲ ಸದ್ದು ಅದು.

ಎಲ್ಲರೂ ನಿಂತು ನೋಡಿದರು. ಆಗ ನಾನು ಏನು ಮಾಡಬೇಕಿತ್ತು? ಕೈ ಎತ್ತಿ, ಆಗುತ್ತಿಲ್ಲ ಎಂದು ಸನ್ನೆ ಮಾಡಬೇಕಿತ್ತು. ನಾನು ಮಾಡಿದ್ದು ಇದು: ಬಗ್ಗಿ, ಎಡಗೈಯಲ್ಲಿ ಹಳೇ ಆಟೋದ ಸ್ಟಾರ್ಟಿಂಗ್ ಹ್ಯಾಂಡಲ್ ಎಳೆಯುವ ಹಾಗೆ ಎಳೆದೆ. ಅದಕ್ಕೆ ಸರಿಯಾಗಿ ಗಂಟಲು ಇನ್ನೊಂದು "ಹೀಈಈಕ್" ಕೊಟ್ಟಿತು. ಮತ್ತೆ ಎಳೆದೆ. "ಹೀಈಈಕ್." ಇಡೀ ಕೋರ್ಟು ಬಿದ್ದು ಬಿದ್ದು ನಕ್ಕಿತು. ಕ್ಯಾಪ್ಟನ್ ಶಾಲಿನಿ ಕೂಡ ನಕ್ಕಳು. ಅವಳು ಫೈನಲ್ ಇಯರ್, ಬನಶಂಕರಿಯವಳು, ಜೆರ್ಸಿಗೂ ಇಸ್ತ್ರಿ ಹಾಕುವ ಜಾತಿ. ಜೋಕಿಗೆ ನಗುವ ಅಭ್ಯಾಸ ಇರಲಿಲ್ಲ. ನನಗೆ ಹೆಮ್ಮೆ ಆಯಿತು ಎಂದರೆ ನಂಬುತ್ತೀರಾ? ಉಸಿರು ಸಿಗದೆ ಕಣ್ಣು ಕತ್ತಲೆ ಬರುತ್ತಿದೆ, ಒಳಗಡೆ ಒಬ್ಬಳು 'ಸಖತ್ತಾಗಿ ಬಂತು ಗುರು' ಅನ್ನುತ್ತಿದ್ದಾಳೆ.

"ಮೊದಲಿಂದ" ಎಂದರು ಮೇಡಂ. ನಗು ನಿಂತಿತು.

ಬದಿಯಲ್ಲಿ ಕೂತೆ. ಅವರು ಎರಡು ಗೆರೆ ಮುಟ್ಟುವಷ್ಟರಲ್ಲಿ ನನ್ನ ಗಂಟಲು ತಾನಾಗಿ ಬಿಟ್ಟುಕೊಂಡಿತು. ಏನೂ ಆಗಿರಲೇ ಇಲ್ಲ ಎಂಬಂತೆ. ಎಲೆಕ್ಟ್ರಿಷಿಯನ್ ಮನೆಗೆ ಬಂದ ಕೂಡಲೇ ನೆಟ್ಟಗೆ ತಿರುಗುವ ಫ್ಯಾನಿನ ಹಾಗೆ.

ಆಮೇಲೆ ಅದು ಅಭ್ಯಾಸವಾಯಿತು. ಪ್ರತಿದಿನವೂ ಅಲ್ಲ, ಜೋರಾಗಿ ಓಡಿದ ದಿನಗಳಲ್ಲಿ. ಎರಡನೇ ಸಲ ಅರ್ಧ ಟೀಮು ನಕ್ಕಿತು. ಮೂರನೇ ಸಲ ಯಾರೂ ನಗಲಿಲ್ಲ. ಆಮೇಲಿನ ಸಲ, ನನ್ನಿಂದಾಗಿ ಮೊದಲಿಂದ ಓಡಿ ಮುಗಿಸಿದ ಶಾಲಿನಿ ನೇರವಾಗಿ ನನ್ನ ಹತ್ತಿರ ಬಂದಳು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಹರ್ಷಿತಾ, ನಾಟಕ ಸಾಕು."

"ನಾಟಕ ಅಲ್ಲ ಅಕ್ಕಾ."

"ಈಗ ಚೆನ್ನಾಗೇ ಮಾತಾಡ್ತಿದೀಯಲ್ಲ?"

"ಈಗ ಸರಿಹೋಯ್ತು."

"ನಾವು ಓಡಿ ಮುಗಿಸಿದ ತಕ್ಷಣ ಸರಿಹೋಯ್ತಾ? ಎಷ್ಟು ಒಳ್ಳೇ ಕಾಯಿಲೆ ಮಾ. ನಮಗೂ ಸ್ವಲ್ಪ ಕೊಡು."

ಬೇರೆ ದಿನವಾಗಿದ್ದರೆ ಆ ಡೈಲಾಗಿಗೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಪ್ರಾಕ್ಟೀಸ್ ಮುಗಿದ ಮೇಲೆ ಟೀಮೆಲ್ಲ ಹತ್ತಿರದ ದರ್ಶಿನಿಯಲ್ಲಿ ಒಂದೇ ಟೇಬಲ್ ಸುತ್ತ ನಿಂತು ಇಡ್ಲಿ ವಡೆ ತಿನ್ನುವುದು ರೂಢಿ. ಅವತ್ತು ನಾನು ಪ್ಲೇಟ್ ಹಿಡಿದು ಹೋದಾಗ ಯಾರೂ ಜಾಗ ಇಲ್ಲ ಅನ್ನಲಿಲ್ಲ, ಜಾಗವನ್ನೂ ಮಾಡಲಿಲ್ಲ. ಕೈ ತೊಳೆಯುವ ಬೇಸಿನ್ ಪಕ್ಕದ ಟೇಬಲಿನಲ್ಲಿ ಒಬ್ಬಳೇ ತಿಂದೆ. ಸಾಂಬಾರ್ ಗಂಟಲಿನಲ್ಲಿ ಸಲೀಸಾಗಿ ಇಳಿಯಿತು. ಅದೇ ನನಗೆ ಇನ್ನೂ ಗೊಂದಲ. ನುಂಗಬಹುದು, ಮಾತಾಡಬಹುದು, ಅಮ್ಮನ ದನಿ ತೆಗೆಯಬಹುದು. ಓಡಿದರೆ ಮಾತ್ರ ಬಾಗಿಲು ಹಾಕಿಕೊಳ್ಳುವ ಗಂಟಲು ಯಾವುದಿದು?

ಸುಳ್ಳು ಹೇಳುವುದಿಲ್ಲ, ಒಂದು ದಿನ ಬಚ್ಚಲುಮನೆಯ ಕನ್ನಡಿ ಮುಂದೆ ನಿಂತು ಆ ಸದ್ದನ್ನು ಬೇಕೆಂದೇ ಮಾಡಿ ನೋಡಿದೆ. ಬಂತು. ಥೇಟ್ ಅದೇ ಸದ್ದು. ಆಗ ನಿಜವಾಗಿ ಹೆದರಿಕೆಯಾಯಿತು. ಬೇಕೆಂದು ಮಾಡಲು ಬರುತ್ತದೆ ಅಂದಮೇಲೆ, ಕೋರ್ಟಿನಲ್ಲೂ ನಾನೇ ಮಾಡುತ್ತಿರಬಹುದಲ್ಲವೇ? ಓಟ ತಪ್ಪಿಸಿಕೊಳ್ಳಲು ನನ್ನೊಳಗಿನ ಕಳ್ಳಿ ನನಗೂ ಹೇಳದೆ ಆಟ ಕಟ್ಟುತ್ತಿದ್ದರೆ?

ಮನೆಯಲ್ಲಿ ಹೇಳಿದೆ. ಅಜ್ಜಿ ಮೊದಲು ನನ್ನ ಮುಖ ನೋಡಿ, ಆಮೇಲೆ ಅಮ್ಮನ ಮುಖ ನೋಡಿ, "ಇದು ಯಾರನ್ನ ಮಾಡಿ ತೋರಿಸ್ತಾ ಅವ್ಳೆ?" ಎಂದು ಕೇಳಿತು. ಯಾರನ್ನೂ ಅಲ್ಲ ಎಂದು ಗೊತ್ತಾದ ಮೇಲೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿತು. "ಊರ್ನೋರ ಗಂಟ್ಲೆಲ್ಲ ತಂದು ನಿನ್ ಗಂಟ್ಲಲ್ಲಿ ಇಟ್ಕಂಡ್ರೆ ಜಾಗ ಎಲ್ಲೈತೆ ಉಸುರಿಗೆ?" ಎಂದಿತು. ಮುಂದೆ ನಾನು ಕಂಡ ಡಾಕ್ಟರುಗಳಲ್ಲಿ ಕೆಲವರು ಇಷ್ಟು ಕೂಡ ವಿವರಿಸಲಿಲ್ಲ.

ನಮ್ಮ ಏರಿಯಾದ ಕ್ಲಿನಿಕ್ಕಿನ ಡಾಕ್ಟರ್ ಸ್ಟೆತಾಸ್ಕೋಪ್ ಇಡುವ ಮೊದಲೇ, "ಡಸ್ಟು. ಬೆಂಗಳೂರಲ್ಲಿ ಎಲ್ರಿಗೂ ಡಸ್ಟೇ" ಎಂದರು. ಮೆಟ್ರೋ ಕೆಲಸ ಮುಗಿಯುವ ತನಕ ಇರುತ್ತದೆ ಎಂದೂ ಸೇರಿಸಿದರು. ಅಂದರೆ ಆಜೀವ ಎಂದು ಅಮ್ಮ ಅರ್ಥ ಮಾಡಿಕೊಂಡಳು. ಓಡುವಾಗ ಬರುವ ಆಸ್ತಮಾ ಇರಬಹುದು ಎಂದು ಒಂದು ಇನ್‌ಹೇಲರ್ ಕೊಟ್ಟರು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಟೀಮಿನ ಎದುರು ಬೇಕೆಂದೇ ಚೀಲದಿಂದ ನಿಧಾನವಾಗಿ ತೆಗೆದೆ, ಹೊಸ ಫೋನು ತೆಗೆಯುವ ಹಾಗೆ. ಸಾಕ್ಷಿ ಸಿಕ್ಕಿತಲ್ಲ! ಓಡುವ ಮೊದಲು ಎಳೆದೆ. ಓಡಿದೆ. ಮತ್ತೆ ಅದೇ ಗೆರೆ, ಅದೇ "ಹೀಈಈಕ್". ಕೂತು ಮತ್ತೆ ಎಳೆದೆ. ಏನೂ ಆಗಲಿಲ್ಲ. ಟೀಮು ಮೊದಲಿಂದ ಓಡುತ್ತಿತ್ತು. ಶಾಲಿನಿ ನನ್ನ ಮುಂದೆ ಹಾದುಹೋಗುವಾಗ ಇನ್‌ಹೇಲರನ್ನೊಮ್ಮೆ ನೋಡಿದಳು. ಪ್ರಾಪರ್ಟಿ ಕೂಡ ತಂದಿದ್ದಾಳೆ ನಾಟಕಕ್ಕೆ, ಎಂದು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಅದೇ ವಾರ ಮೇಡಂ ಎಲ್ಲರನ್ನೂ ಕೂರಿಸಿ ಹೇಳಿದರು. ಇಂಟರ್ ಕಾಲೇಜ್ ಮ್ಯಾಚುಗಳಿಗೆ ಹನ್ನೆರಡು ಜನರನ್ನು ದಸರಾ ರಜೆ ಆದಮೇಲೆ ಆರಿಸುತ್ತೇನೆ, ಲೈನ್ ಮುಗಿಸಲಾಗದವರನ್ನು ಕರೆದುಕೊಂಡು ಹೋಗುವುದಿಲ್ಲ. ನನ್ನ ಕಡೆ ನೋಡಲಿಲ್ಲ. ನೋಡದೇ ಇರುವುದರಲ್ಲೂ ಅವರದ್ದೊಂದು ಶೈಲಿ ಇದೆ.

ಅಮ್ಮ ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು, ಶ್ವಾಸಕೋಶದ ಪರೀಕ್ಷೆಗೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಪೈಪ್ ಕೊಟ್ಟು ಊದಿಸುತ್ತಾರೆ. ಅಲ್ಲಿನ ಟೆಕ್ನಿಷಿಯನ್ ಅಣ್ಣನನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೆಲ್ಲಗೆ ಶುರು ಮಾಡಿದ: "ಆರಾಮಾಗಿ ತಗೊಳ್ಳಿ ಮೇಡಂ..." ಇದ್ದಕ್ಕಿದ್ದಂತೆ, "ಊದಿ ಊದಿ ಊದಿ ಊದಿ! ಬಿಡ್ಬೇಡಿ! ಇನ್ನೂ ಇನ್ನೂ ಇನ್ನೂ! ಅಯ್ಯೋ ಬಿಟ್ಬಿಟ್ರಲ್ಲಾ!" ಹಿಂದೆ ಕೂತಿದ್ದ ಅಮ್ಮ ನನ್ನ ಜೊತೆಗೇ ಕೆನ್ನೆ ಉಬ್ಬಿಸಿ ಊದುತ್ತಿದ್ದಳು. ಮಗಳು ಸೋಲಬಾರದು ಎಂದು ಗಾಳಿ ಸಪ್ಲೈ ಮಾಡುತ್ತಿರುವ ಹಾಗೆ. ಮೂರು ಸಲ ಊದಿಸಿದ ಮೇಲೆ ಇಬ್ಬರಿಗೂ ಸುಸ್ತಾಯಿತು.

ರಿಪೋರ್ಟ್ ನಾರ್ಮಲ್. ಅಷ್ಟೇ ಅಲ್ಲ, ತುಂಬಾ ಚೆನ್ನಾಗಿದೆಯಂತೆ. ಡಾಕ್ಟರ್ ನನ್ನನ್ನು ಬಿಟ್ಟು ಅಮ್ಮನಿಗೆ ಹೇಳಿದರು, "ಸ್ವಲ್ಪ ಟೆನ್ಷನ್ ಇರಬೇಕು. ಈ ವಯಸ್ಸಲ್ಲಿ ಆಗುತ್ತೆ. ಕಾಲೇಜಲ್ಲಿ ಏನಾದ್ರೂ ಪ್ರೆಷರ್ ಇದ್ಯಾ ಕೇಳಿ."

ಕಾಯಿಲೆ ಇಲ್ಲ ಎಂಬ ಮಾತು ಕೇಳಿ ಅಳು ಬಂದದ್ದು ಜೀವಮಾನದಲ್ಲಿ ಅದೇ ಮೊದಲು. ಹೊರಗೆ ಬಂದು ಎಳನೀರು ಕುಡಿಯುವಾಗ ಅಮ್ಮ ಸ್ಟ್ರಾ ಕಚ್ಚುತ್ತಾ ಕೇಳಿದಳು.

"ಹರ್ಷಿ, ನಿಜ ಹೇಳು. ಬೈಯಲ್ಲ. ನಿಂಗೆ ಆ ಟೀಮು ಇಷ್ಟ ಇಲ್ವಾ?"

"ಇಷ್ಟ ಅಮ್ಮಾ."

"ಹಂಗಾದ್ರೆ ಉಸಿರು ಯಾಕೆ ಕಟ್ಟುತ್ತೆ?"

"ನಂಗೆ ಗೊತ್ತಿದ್ರೆ ನಾನ್ಯಾಕೆ ಪೈಪ್ ಊದ್ತಿದ್ದೆ?"

"ನೋಡು, ಇನ್ನೊಂದು ಕಡೆ ತೋರಿಸೋಣ, ಗಂಟಲಿನ ಡಾಕ್ಟರಿಗೆ. ಅವರೂ ಏನೂ ಇಲ್ಲ ಅಂದ್ರೆ ಆಟ ಬಿಡು. ಓದ್ಕೋ. ಯಾರೂ ಏನೂ ಅನ್ನಲ್ಲ."

ಯಾರೂ ಏನೂ ಅನ್ನುವುದಿಲ್ಲ. ನನಗೆ ಅದೇ ಭಯವಾಗಿತ್ತು. ಬಿಟ್ಟು ಹೋದರೆ ಶಾಲಿನಿ ಒಂದು ಮಾತೂ ಆಡುವುದಿಲ್ಲ. 'ನಾನು ಹೇಳ್ಲಿಲ್ವಾ' ಎಂಬಂತೆ ಹುಬ್ಬು ಏರಿಸುತ್ತಾಳೆ, ಅಷ್ಟೇ. ಆ ಹುಬ್ಬನ್ನು ನಾನು ಅಣಕಿಸಬಲ್ಲೆ. ಅದರ ಜೊತೆ ಬದುಕಲಾರೆ.

ಗಂಟಲಿನ ಡಾಕ್ಟರ ಕ್ಲಿನಿಕ್ ಜಯನಗರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಕಾಯುವ ಜಾಗದಲ್ಲಿ ಯಾರಿಗೂ ದನಿ ಇರಲಿಲ್ಲ. ನನ್ನ ಪಕ್ಕದ ಆಂಟಿ ಒಬ್ಬರು ಟೀಚರಂತೆ, ಕೂಗಿ ಕೂಗಿ ದನಿ ಹೋಗಿ, ಡಾಕ್ಟರ್ ಮಾತಾಡಬೇಡಿ ಎಂದು ಹೇಳಿದ್ದರಂತೆ. ಇದನ್ನೆಲ್ಲ ಅವರು ಪಿಸುದನಿಯಲ್ಲಿ, ಒಂದು ಕ್ಷಣ ಬಿಡದೆ, ಪೂರ್ತಿ ಕುಟುಂಬದ ಇತಿಹಾಸ ಸಮೇತ ಹೇಳಿದರು. ನಡುವೆ ಪರ್ಸಿನಿಂದ ಶುಂಠಿ ಪೆಪ್ಪರ್‌ಮೆಂಟ್ ತೆಗೆದು ಕೈಗಿಟ್ಟು, "ಏನೂ ಆಗಲ್ಲ ಪುಟ್ಟಾ, ಮೂಗಲ್ಲಿ ವೈರ್ ಹಾಕ್ತಾರೆ ಅಷ್ಟೇ" ಎಂದರು. ಸಮಾಧಾನ ಹೇಳುವುದು ಹೇಗೆ ಎಂಬ ವಿಷಯದಲ್ಲಿ ಅವರು ಟೀಚರ್ ಅಲ್ಲ. ಪೆಪ್ಪರ್‌ಮೆಂಟ್ ಮಾತ್ರ ಚೆನ್ನಾಗಿತ್ತು.

ಒಳಗೆ ಡಾಕ್ಟರ್ ವಯಸ್ಸಾದವರು. ಕಣ್ಣು ಮುಚ್ಚಿಕೊಂಡು ಕೇಳುವ ಅಭ್ಯಾಸ. ಅಮ್ಮ ಡಸ್ಟು, ಇನ್‌ಹೇಲರು, ಪೈಪು, ಟೆನ್ಷನ್ನು ಎಲ್ಲವನ್ನೂ ಒಪ್ಪಿಸುತ್ತಾ ನಡುವೆ ನನ್ನ ತೊಡೆ ಚಿವುಟಿ, ಮಲಗಿಬಿಟ್ಟರಾ ಎಂಬಂತೆ ಕಣ್ಣಲ್ಲೇ ಕೇಳಿದಳು.

ಕಣ್ಣು ಮುಚ್ಚಿಕೊಂಡೇ ಅವರು ಕೇಳಿದರು, "ಸೌಂಡ್ ಬರುತ್ತೆ ಅಂದ್ರಲ್ಲ, ಯಾವ ಥರ ಸೌಂಡು?"

ಅಮ್ಮ, "ಒಂಥರಾ ಕುಯ್ ಅಂತ..." ಎನ್ನುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಇಷ್ಟು ವಾರಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಎಲ್ಲರೂ ಎಷ್ಟು ದಿನದಿಂದ, ಮನೆಯಲ್ಲಿ ಯಾರಿಗಾದರೂ ಇದೆಯಾ ಎಂದೇ ಕೇಳಿದ್ದರು. ನಾನು ಎದ್ದು ನಿಂತೆ. ಬಗ್ಗಿ, ಮಂಡಿ ಮೇಲೆ ಕೈಯಿಟ್ಟು, ಆ ಕೊನೆಯ ಗೆರೆಯನ್ನು ನೆನಪಿಗೆ ತಂದುಕೊಂಡು, ಪೂರ್ತಿ ಮಾಡಿ ತೋರಿಸಿದೆ. ಕುತ್ತಿಗೆಗೆ ಕೈ ಹೋಗುವುದು, ಭುಜ ಮೇಲೇಳುವುದು, ಸಣ್ಣ ಸಂದಿಯಿಂದ ಗಾಳಿ ಎಳೆಯುವ ಆ "ಹೀಈಈಕ್", ಆಮೇಲೆ ಸುಲಭವಾಗಿ ಹೊರಗೆ ಹೋಗುವ ಉಸಿರು, ಮತ್ತೆ "ಹೀಈಈಕ್".

"ಅಯ್ಯೋ, ಇಲ್ಲೂ ಶುರು ಮಾಡಿದ್ಯಾ?" ಅಮ್ಮನಿಗೆ ನಾಚಿಕೆಯಿಂದ ಮುಖ ಕೆಂಪಾಯಿತು. "ಕ್ಷಮಿಸಿ ಡಾಕ್ಟ್ರೇ, ಇವಳಿಗೆ ಚಿಕ್ಕಂದಿನಿಂದ ಇದೊಂದು ಕೆಟ್ಟ ಚಾಳಿ. ಎಲ್ಲರ ಥರ ಮಾಡಿ ತೋರಿಸೋದು."

ಡಾಕ್ಟರ್ ಕಣ್ಣು ತೆರೆದಿದ್ದರು.

"ಇನ್ನೊಂದ್ಸಲ ಮಾಡಮ್ಮಾ."

ಮಾಡಿದೆ. ನನ್ನ ಯಾವ ಮಿಮಿಕ್ರಿಗೂ 'ಒನ್ಸ್ ಮೋರ್' ಅಷ್ಟು ಗಂಭೀರವಾಗಿ ಬಿದ್ದಿರಲಿಲ್ಲ.

"ಎಳ್ಕೊಳ್ಳೋವಾಗ್ಲೇ ಬರುತ್ತಾ ಸೌಂಡು? ಬಿಡುವಾಗ ಇಲ್ವಾ? ನೆನಪು ಮಾಡ್ಕೊಂಡು ಹೇಳು. ಚೆನ್ನಾಗಿರಲಿ ಅಂತ ಸೇರಿಸಬೇಡ."

"ಸೇರಿಸಿಲ್ಲ ಸಾರ್. ಎಳ್ಕೊಳ್ಳೋವಾಗ ಮಾತ್ರ."

"ಆಸ್ತಮಾ ಆದ್ರೆ ಸಾಮಾನ್ಯವಾಗಿ ಬಿಡುವಾಗ ಕಷ್ಟ" ಎಂದು ಅಮ್ಮನಿಗೆ ಹೇಳಿ, ನನ್ನ ಕಡೆ ತಿರುಗಿ, "ಓಡ್ತೀಯಾ?" ಎಂದರು.

ಸೀರೆ ಅಂಗಡಿಯ ಕಟ್ಟಡದ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನ ತನಕ, ಮತ್ತೆ ಮತ್ತೆ ಓಡಿ ಹತ್ತಿದೆ. ಅಂಗಡಿಯ ಹುಡುಗಿಯರು ಬಾಗಿಲಿಗೆ ಬಂದು ನೋಡಿದರು. ನರ್ಸ್ ಹಿಂದೆಯೇ ಬಂದು, ಎರಡು ಮಹಡಿ ಆದಮೇಲೆ "ನೀವು ಹೋಗಿ ಬನ್ನಿ" ಎಂದು ಅಲ್ಲೇ ಕೂತರು. ಓಡುವಾಗ ಜೀವನದಲ್ಲಿ ಮೊದಲ ಸಲ ಗಂಟಲು ಮುಚ್ಚಲಿ ದೇವರೇ ಎಂದು ಬೇಡಿಕೊಂಡೆ. ದೇವರು ಬೇಗ ಕೇಳಿಸಿಕೊಂಡ. ಆ ಸದ್ದಿನ ಜೊತೆಗೇ ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಆಂಟಿ ಹೇಳಿದ ವೈರ್, ತುದಿಯಲ್ಲಿ ಪುಟ್ಟ ಕ್ಯಾಮೆರಾ ಸಮೇತ, ಮೂಗಿನಲ್ಲಿ ಇಳಿಯಿತು. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ: ಇಷ್ಟವಾಗುವುದಿಲ್ಲ, ಆದರೆ ಬೇಗ ಮುಗಿಯುತ್ತದೆ.

ಟಿವಿ ಪರದೆ ಮೇಲೆ ನನ್ನ ಗಂಟಲು ಕಾಣಿಸಿತು. ಗಾಳಿ ಎಳೆದುಕೊಂಡಾಗ ತೆರೆಯಬೇಕಾದ ಎರಡು ಬಿಳಿ ಪಟ್ಟಿಗಳು ಒಂದನ್ನೊಂದು ತಬ್ಬಿಕೊಳ್ಳುತ್ತಿದ್ದವು. ಮದುವೆ ಮನೆಯ ಬಾಗಿಲಲ್ಲಿ ನೆಂಟರು ಬರುವಾಗಲೇ ಅಡ್ಡ ನಿಂತು ಮಾತಾಡುವ ಇಬ್ಬರು ಆಂಟಿಯರ ಹಾಗೆ. ಡಾಕ್ಟರ್ ಅದಕ್ಕೊಂದು ಉದ್ದ ಹೆಸರು ಹೇಳಿದರು. ಶ್ವಾಸಕೋಶ ಚೆನ್ನಾಗಿದೆ, ಜೋರಾಗಿ ಓಡಿದಾಗ ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುತ್ತಿದೆ, ಆಡುವ ಹುಡುಗಿಯರಲ್ಲಿ ಇದನ್ನು ನೋಡಿದ್ದೇನೆ, ಆಪರೇಷನ್ ಬೇಡ, ಉಸಿರಾಟದ ಅಭ್ಯಾಸ ಬೇಕು ಎಂದರು.

ಅಮ್ಮ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಬಹಳ ಮೆಲ್ಲಗೆ, "ಇದು ಇವಳು ಬೇಕಂತ ಮಾಡೋದಲ್ವಾ?" ಎಂದು ಕೇಳಿದಳು.

"ಅಲ್ಲಮ್ಮ."

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅಮ್ಮ ಕೇಳಿದ್ದು ಒಳ್ಳೆಯದಾಯಿತು. ಮೆಟ್ಟಿಲು ಇಳಿಯುವಾಗ ಅವಳು ನನ್ನ ಬ್ಯಾಗ್ ತಾನೇ ಹೊತ್ತುಕೊಂಡಳು. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ, ಬ್ಯಾಗ್ ಹೊರುವುದಿದೆ.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆಗಲಿಲ್ಲ. ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಕೇಳಿದರು.

"ಓಡಬಹುದಂತಾ?"

"ಓಡಬಹುದಂತೆ ಮೇಡಂ. ಬಂದಾಗ ನಿಲ್ಲಿಸಿ, ಉಸಿರು ಸರಿ ಮಾಡ್ಕೊಂಡು, ಮತ್ತೆ ಓಡಬಹುದಂತೆ."

"ಸರಿ. ಬಂದಾಗ ನಿಲ್ಲು."

"ಮತ್ತೆ... ಬಾಕಿಯವರು?"

"ಮೊದಲಿಂದ."

"ಮೇಡಂ, ನನ್ನನ್ನ ಲೈನ್‌ನಿಂದ ಬಿಟ್ಟುಬಿಡಿ. ನಾನು ಬೇರೆ ಓಡ್ತೀನಿ. ಅವರಿಗೆ ಯಾಕೆ..."

"ನೀನು ಟೀಮಲ್ಲಿದ್ರೆ ಲೈನಲ್ಲಿರ್ತೀಯ" ಎಂದರು. ಪಾಸ್‌ಬುಕ್ ತಂದಿದೀರಾ ಎಂಬ ಅದೇ ದನಿ. "ಒಂದು ಬದಲಾವಣೆ. ಕೂತು ನೋಡೋದು ಬೇಡ. ಉಸಿರು ಬಂದ ಮೇಲೆ ನೀನೂ ಅವರ ಜೊತೆ ಸೇರ್ಕೋ."

ಇದು ದಯೆಯೋ ಶಿಕ್ಷೆಯೋ ನನಗೆ ಇವತ್ತಿಗೂ ಸರಿಯಾಗಿ ಗೊತ್ತಾಗಿಲ್ಲ. ಶಾಲಿನಿಗೆ ಅವರು ಏನು ಹೇಳಿದರೋ ಅದೂ ಗೊತ್ತಿಲ್ಲ. ಅವಳು ನನಗೆ ಹೇಳಿದ್ದು ಇಷ್ಟೇ: "ನಿಲ್ಲೋದಾದ್ರೆ ಕೈ ಎತ್ತು. ಆಟೋ ಗೀಟೋ ಬೇಡ."

ಉಸಿರು ಕಲಿಸಿದವರು ಬಿ.ಟಿ.ಎಂ. ಲೇಔಟಿನ ಒಬ್ಬ ಸ್ಪೀಚ್ ಥೆರಪಿಸ್ಟ್. ಮಾತು ಬಾರದ ಪುಟ್ಟ ಮಕ್ಕಳ ನಡುವೆ, ಬಣ್ಣದ ಮಣೆಯ ಮೇಲೆ, ಮಾತು ಜಾಸ್ತಿಯಾದ ನಾನು. ಮಲ್ಲಿಗೆ ಮೂಸಿದ ಹಾಗೆ ಮೂಗಿನಲ್ಲಿ ಚುರುಕಾಗಿ ಎಳೆದುಕೊಳ್ಳಬೇಕು, ಬಿಸಿ ಕಾಫಿ ಆರಿಸುವ ಹಾಗೆ ತುಟಿ ಸಣ್ಣ ಮಾಡಿ ಬಿಡಬೇಕು, ಭುಜ ಏಳಬಾರದು. ಇಷ್ಟೇ. ಹುಟ್ಟಿದಾಗಿನಿಂದ ಮಾಡುತ್ತಿದ್ದ ಕೆಲಸವನ್ನು ಮೊದಲಿಂದ ಕಲಿಯುವುದು ಎಷ್ಟು ಅವಮಾನ ಎಂದರೆ, ಪಕ್ಕದ ಪುಟ್ಟ ಹುಡುಗಿ ನನಗಿಂತ ಚೆನ್ನಾಗಿ ಊದುತ್ತಿದ್ದಳು.

ಒಂದು ದಿನ ಥೆರಪಿಸ್ಟ್ ಹತ್ತಿರ ಧೈರ್ಯ ಮಾಡಿ ಕೇಳಿದೆ, "ಮೇಡಂ, ನಾನು ಎಲ್ಲರ ದನಿ ತೆಗೀತೀನಲ್ಲ, ಅದಕ್ಕೇ ಬಂತಾ ಇದು?"

"ಗೊತ್ತಿಲ್ಲ" ಎಂದರು. "ಇರಬಹುದು, ಇಲ್ಲದೇನೂ ಇರಬಹುದು. ಸದ್ಯಕ್ಕೆ ಗಂಟಲು ಹಿಂಡೋ ದನಿಗಳನ್ನ ಬಿಡು."

ಅಮ್ಮ, ಹಾಲಿನ ಗಾಡಿ, ಬಾಡಿಗೆ ಅಂಕಲ್ ಎಲ್ಲರನ್ನೂ ಖಾಲಿ ಮಾಡಿಸಬೇಕಾಯಿತು. ಮನೆಯಲ್ಲಿ ಎಷ್ಟು ನಿಶ್ಶಬ್ದವಾಯಿತೆಂದರೆ, ಒಂದು ಸಂಜೆ ಅಜ್ಜಿ ತಾನಾಗಿ ಬಂದು, "ಮೆತ್ತಗೆ ನನ್ನಂಗೆ ಒಸಿ ಕೆಮ್ಮಿ ತೋರ್ಸು ಮಗಾ" ಎಂದಿತು.

ಕೋರ್ಟಿನಲ್ಲಿ ಸದ್ದು ಒಂದೇ ದಿನಕ್ಕೆ ಹೋಗಲಿಲ್ಲ. ಲೈನ್ ಪೂರ್ತಿ ಮುಗಿಸಿದ ದಿನಗಳಿದ್ದವು, ಕೈ ಎತ್ತಿದ ದಿನಗಳೂ ಇದ್ದವು. ಎಲ್ಲರೂ ಗೆರೆಗೆ ವಾಪಸ್ ಬರುತ್ತಿದ್ದರು, ಗೊಣಗುತ್ತಿದ್ದರು, ಒಬ್ಬಳು ನನ್ನ ಮುಂದೆಯೇ ಬೈದಳು. ನಾನು ಮಲ್ಲಿಗೆ ಮೂಸಿ, ಕಾಫಿ ಆರಿಸಿ, ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದೆ. ನೋಡುವುದಕ್ಕಿಂತ ಓಡುವುದು ಸುಲಭ. ದರ್ಶಿನಿಯಲ್ಲಿ ಒಂದು ದಿನ ಶಾಲಿನಿ ತನ್ನ ಪ್ಲೇಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ನನಗೆಂದು ಸರಿಸಿದಳೋ ಚಟ್ನಿ ಚೆಲ್ಲಿತ್ತೋ ಗೊತ್ತಿಲ್ಲ. ಆ ಜಾಗದಲ್ಲಿ ನನ್ನ ಪ್ಲೇಟ್ ಇಟ್ಟೆ.

ದಸರಾ ರಜೆ ಮುಗಿದ ಮೇಲೆ ಮೇಡಂ ಹನ್ನೆರಡು ಹೆಸರು ಹೇಳುವಾಗ ನನ್ನದು ಕೊನೆಗೆ ಬಂತು.

ಮೊದಲ ಮ್ಯಾಚ್ ಬೇರೊಂದು ಕಾಲೇಜಿನ ಕೋರ್ಟಿನಲ್ಲಿ. ಬೆಂಚಿನ ತುದಿಯಲ್ಲಿ ಬಾಟಲ್ ಕಾಯುತ್ತಿದ್ದ ನನ್ನನ್ನು ಕೊನೆಯ ಕ್ವಾರ್ಟರಿನಲ್ಲಿ ಮೇಡಂ ಒಳಗೆ ಕಳಿಸಿದರು. ನಾವು ಎರಡು ಪಾಯಿಂಟ್ ಮುಂದಿದ್ದೆವು. ಒಂದು ಬಾಲ್ ಕಿತ್ತುಕೊಂಡು, ಕೋರ್ಟಿನ ಉದ್ದಕ್ಕೂ ಓಡಿ, ರಿಂಗಿನಡಿ ಹಾರಿ ಲೇ-ಅಪ್ ಹಾಕಿ, ಬಿದ್ದ ಬಾಲನ್ನು ನೋಡುವ ಮೊದಲೇ ಗಂಟಲಿನಲ್ಲಿ ಆ ಚೀಲದ ದಾರ ಎಳೆದ ಹಾಗಾಯಿತು. ಕೈ ಎತ್ತಿದೆ. ಎದುರು ಟೀಮಿನವರು ಬಾಲ್ ಹಿಡಿದು ನಿಂತಿದ್ದರು. "ಹೀಈಈಕ್."

ರೆಫ್ರಿ ಸೀಟಿ ಊದಿ, ಗಡಿಯಾರ ನೋಡಿ, ನನ್ನನ್ನು ನೋಡಿದರು. ಎದುರು ಬೆಂಚಿನಿಂದ ಯಾರೋ, "ಆಕ್ಟಿಂಗ್ ಸಾರ್! ಟೈಮ್ ವೇಸ್ಟ್ ಮಾಡ್ತಿದಾಳೆ!" ಎಂದು ಕೂಗಿದರು. ರೆಫ್ರಿ, "ಏನಮ್ಮಾ, ಆಕ್ಟಿಂಗಾ?" ಎಂದರು. ನನಗೆ ಉತ್ತರ ಕೊಡಲು ಗಾಳಿ ಇರಲಿಲ್ಲ. ಮಲ್ಲಿಗೆಯೂ ನೆನಪಾಗಲಿಲ್ಲ, ಕಾಫಿಯೂ ನೆನಪಾಗಲಿಲ್ಲ. ಅದೇ ಹಳೇ ಪ್ರಶ್ನೆ ತಲೆಯಲ್ಲಿ ಗಿರಗಿರನೆ ತಿರುಗಿತು: ಹೌದಾ?

ಶಾಲಿನಿ ನಡುವೆ ಬಂದು ನಿಂತಳು.

"ಆಕ್ಟಿಂಗ್ ಅಲ್ಲ ಸಾರ್. ಆಕ್ಟಿಂಗ್ ಆಗಿದ್ರೆ ಇವಳು ಇದಕ್ಕಿಂತ ಚೆನ್ನಾಗಿ ಮಾಡ್ತಾಳೆ."

"ಮತ್ತೆ ಏನಿದು ಸೌಂಡು? ಆಸ್ತಮಾನಾ?"

"ಅಲ್ಲ ಸಾರ್, ಆಸ್ತಮಾದಲ್ಲಿ ಬಿಡೋವಾಗ. ಇವಳಿಗೆ ಎಳ್ಕೊಳ್ಳೋವಾಗ. ನೋಡಿ, ಹಿಂಗೆ." ಇಸ್ತ್ರಿ ಹಾಕಿದ ಜೆರ್ಸಿಯ ಕ್ಯಾಪ್ಟನ್, ಎರಡು ಕಾಲೇಜುಗಳ ಜನರೆಲ್ಲ ನೋಡುತ್ತಿದ್ದಂತೆ, ಬಗ್ಗಿದಳು. ಮಂಡಿ ಮೇಲೆ ಕೈ ಇಟ್ಟಳು. ನನ್ನ ಹಾಗೆಯೇ ಒಂದು ಕೈ ಕುತ್ತಿಗೆಗೆ ಹೋಯಿತು, ಹೆಬ್ಬೆರಳು ಕಿವಿಯ ಕೆಳಗೆ. ನಾನು ಹಾಗೆ ಹಿಡಿದುಕೊಳ್ಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಅವಳು ಯಾವಾಗ ನೋಡಿದ್ದಳು? ಆಮೇಲೆ ಭುಜ ಎತ್ತಿ, ಕಣ್ಣು ಅಗಲಿಸಿ, ಸದ್ದು ತೆಗೆದಳು.

"ಎರಡು ನಿಮಿಷದಲ್ಲಿ ಸರಿಹೋಗುತ್ತೆ ಸಾರ್. ಸಬ್ ಕಳಿಸ್ತೀವಿ" ಎಂದು, ನನ್ನ ಕಡೆ ಬಗ್ಗಿ, "ಏ, ಮೂಗಲ್ಲಿ ಎಳ್ಕೋ. ಭುಜ ಇಳಿಸು" ಎಂದಳು.

ಎಳೆದುಕೊಂಡೆ. ಇಳಿಸಿದೆ. ಬೆಂಚಿಗೆ ನಡೆದುಕೊಂಡು ಹೋಗುವಷ್ಟರಲ್ಲಿ ಗಂಟಲೊಳಗಿನ ಆಂಟಿಯರಿಬ್ಬರೂ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ಮ್ಯಾಚ್ ಮತ್ತೆ ಶುರುವಾಯಿತು. ಟೈಮ್ ಔಟಿನಲ್ಲಿ ನೀರು ಕುಡಿಯಲು ಬಂದ ಶಾಲಿನಿ ಬೆವರು ಒರೆಸುತ್ತಾ, "ಬಂತಾ?" ಎಂದ ಕೂಡಲೇ, ಬಂದ ಉಸಿರಿನಲ್ಲಿ ಮೊದಲ ಮಾತು ಅವಳಿಗೇ ಕೊಟ್ಟೆ.

"ಬಂತು ಅಕ್ಕಾ. ಆದ್ರೆ ನೀನು ಮಾಡಿದ್ದು ಕುಕ್ಕರ್ ಸೌಂಡು."